ಮರಕ್ಕೆ ಇಸ್ತ್ರಿ ಹಾಕಿದ ಮಂಗಳಕ್ಕ

ಮರಕ್ಕೆ ಇಸ್ತ್ರಿ ಹಾಕುವವರನ್ನು ನಾನು ಕಂಡದ್ದು ಕನಕಪುರದಲ್ಲಿ. ರೊಟ್ಟಿಯಷ್ಟು ತೆಳ್ಳಗೆ ಸೀಳಿಸಿದ ಹಲಸಿನ ಪಟ್ಟಿಯ ಮೇಲೆ ಒದ್ದೆ ಬಟ್ಟೆ ಹಾಸಿ, ಕಾದ ಇಸ್ತ್ರಿಪೆಟ್ಟಿಗೆಯನ್ನು ಒತ್ತಿ, ಹಬೆಯ ನಡುವೆ ಮುಖ ತಿರುಗಿಸಿಕೊಂಡು ಮಂಗಳಕ್ಕ ಅದನ್ನು ನಿಧಾನಕ್ಕೆ ಬಗ್ಗಿಸುತ್ತಿದ್ದರು. ಬಾಯಲ್ಲಿ ಎರಡು ಗುಂಡುಪಿನ್ನು. ಮರದ ಕೆಲಸಕ್ಕೆ ಪಿನ್ನು ಯಾಕೆ ಅಂದರೆ ಅವರಿಗೂ ಗೊತ್ತಿರಲಿಲ್ಲ. ಮದುವೆಯಾಗಿ ಬಂದಾಗಿನಿಂದ ರವಿಕೆ ಹೊಲಿದ ಬಾಯಿ ಅದು; ಕೆಲಸ ಶುರುವಾಯಿತೆಂದರೆ ಪಿನ್ನು ಕಚ್ಚಿಕೊಳ್ಳುತ್ತಿತ್ತು.

ಹೆಸರು ಸರ್ವಮಂಗಳಮ್ಮ. ನನಗೆ ಮನೆ ಬಾಡಿಗೆಗೆ ಕೊಟ್ಟವರು. ರೇಷ್ಮೆ ಇಲಾಖೆಯ ಕೆಲಸ ಸಿಕ್ಕಿ ಕನಕಪುರಕ್ಕೆ ಬಂದ ನಾನು ಮಹಡಿಯ ಮೇಲಿನ ಕೋಣೆಯಲ್ಲಿದ್ದೆ. ಕೆಳಗೆ ಅವರ ಹೊಲಿಗೆ ಅಂಗಡಿ, ಅದರ ಹಿಂದೆ ಮನೆ. ಗಂಡ ಚನ್ನಬಸಪ್ಪನವರು ಪೇಟೆಯಲ್ಲಿ ವಿಭೂತಿ, ಊದುಬತ್ತಿ ಮಾರುತ್ತಿದ್ದರು. ಮಾತು ಕಡಿಮೆ. ಹೆಂಡತಿ ಏನು ಹೇಳಿದರೂ "ಹ್ಞೂಂ ಕಣೆ" ಎನ್ನುತ್ತಿದ್ದರು.

ಮಂಗಳಕ್ಕನಿಗೆ ಗಿಟಾರು ಮಾಡುವ ಹುಚ್ಚು ಹತ್ತಿದ್ದು ಒಬ್ಬಳು ಕಾಲೇಜು ಹುಡುಗಿಯಿಂದ. ತನ್ನ ಗಿಟಾರಿಗೆ ಚೀಲ ಹೊಲಿದುಕೊಡಿ ಎಂದು ಅದನ್ನು ಅಳತೆಗೆ ಬಿಟ್ಟುಹೋಗಿದ್ದಳು. ಮಂಗಳಕ್ಕ ಟೇಪು ಹಿಡಿದು ಎದೆ, ಸೊಂಟ, ಉದ್ದ ಎಲ್ಲ ಅಳೆದು, ಹೆಬ್ಬೆರಳಿನಿಂದ ಒಮ್ಮೆ ತಂತಿ ಮೀಟಿ ನೋಡಿದರಂತೆ. ಆಮೇಲೆ ಬಹಳ ಹೊತ್ತು ಹೊಲಿಗೆ ಸಾಗಲಿಲ್ಲವಂತೆ. ಇಂಥದ್ದೊಂದನ್ನು ಮಾಡುತ್ತೇನೆ ಎಂದು ಅವರು ಹೇಳಿದಾಗ, ಒಂದು ಕೊಂಡುಕೊಳ್ಳಬಹುದಲ್ಲ ಎಂದೆ.

"ಕೊಂಡ್ಕೊಂಡ್ರೆ ಅದು ಅವ್ರು ಮಾಡಿದ್ದಾಯ್ತದೆ ಕಣವ್ವ," ಎಂದರು. "ಇದೂ ಒಂದು ರವಿಕೆನೇ. ಒಳಗೆ ಮೈಯಿಲ್ಲ ಅಷ್ಟೆಯ."

ಫೋನಿನಲ್ಲಿ ವಿಡಿಯೋ ಹಾಕಿಕೊಡುವುದು ನನ್ನ ಕೆಲಸವಾಯಿತು. ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಾನು ಕನ್ನಡಕ್ಕೆ ತಿರುಗಿಸುತ್ತಿದ್ದೆ. ಅವರು ಹೊಲಿಗೆಯ ಭಾಷೆಗೆ ತಿರುಗಿಸಿಕೊಳ್ಳುತ್ತಿದ್ದರು. ಅಂಟಿಸಿದ್ದನ್ನು ಒತ್ತಿಹಿಡಿಯಲು ಬಟ್ಟೆ ಒಣಹಾಕುವ ಕ್ಲಿಪ್ಪುಗಳು. ಗುರುತಿಗೆ ದರ್ಜಿಯ ಸೀಮೆಸುಣ್ಣ. ತಂತಿಯ ಬುಡಕ್ಕೆ ಸಿಕ್ಕಿಸುವ ಪುಟ್ಟ ಗೂಟಗಳನ್ನು ಚನ್ನಪಟ್ಟಣದಲ್ಲಿ ಬೊಂಬೆ ಕಡೆಯುವ ತಂಗಿಯ ಗಂಡನಿಂದ ಮಾಡಿಸಿ, ಕೆಂಪು ಹಳದಿ ಅರಗು ಹಾಕಿಸಿದರು. ಮೊದಲ ಪಟ್ಟಿ ಸೊಂಟದ ತಿರುವಿನಲ್ಲಿ ಪಟ್ಟೆಂದು ಸೀಳಿತು. ಎರಡನೆಯದನ್ನು ಇಸ್ತ್ರಿಪೆಟ್ಟಿಗೆ ಸುಟ್ಟು ಕಪ್ಪು ಮಾಡಿತು. ನನಗೇ ಅಳು ಬಂದಿತ್ತು. ಅವರು ತುಂಡುಗಳನ್ನು ಒಲೆಯ ಪಕ್ಕ ಜೋಡಿಸಿಟ್ಟು, "ಬಿಚ್ಚಿ ಹೊಲಿಯೋಕೆ ಬೇಜಾರು ಮಾಡ್ಕೊಳ್ಳೋರು ಟೈಲರ್ ಆಗಬಾರ್ದು," ಎಂದು ಇನ್ನೊಂದು ಪಟ್ಟಿಯನ್ನು ನೀರಿಗೆ ಹಾಕಿದರು.

ಆ ನಡುವೆಯೇ ಅವರ ಎದೆಯಲ್ಲಿ ಗಂಟು ಕಾಣಿಸಿಕೊಂಡಿತು. ಬೆಂಗಳೂರಿನ ಆಸ್ಪತ್ರೆಗೆ ನಾನೂ ಜೊತೆಗೆ ಹೋಗಿದ್ದೆ. ಸೂಜಿ ಚುಚ್ಚಿ ಪರೀಕ್ಷೆಗೆ ತೆಗೆದುಕೊಂಡರು. ಒಂದು ವಾರ ಕಾಯಿರಿ ಎಂದರು. ವಾಪಸು ಬರುವಾಗ ಬಸ್ಸಿನಲ್ಲಿ ಮಂಗಳಕ್ಕ ಒಂದೇ ಮಾತು ಆಡಿದ್ದು, ಅವರಮ್ಮನೂ ಇದರಲ್ಲೇ ಹೋದದ್ದು ಎಂದು. ಊರಿಗೆ ಬಂದ ಮೇಲೆ ಹೊಸ ಹೊಲಿಗೆ ಒಪ್ಪಿಕೊಳ್ಳಲಿಲ್ಲ. ಮುಂದಿನ ತಿಂಗಳು ಮದುವೆಯಿದೆ ಎಂದು ಬಟ್ಟೆ ತಂದವರನ್ನು ಬೇರೆ ಕಡೆ ಕಳಿಸಿದರು. ನಾಳೆ ಎಂಬ ಮಾತೇ ಮನೆಯಲ್ಲಿ ನಿಂತುಹೋಯಿತು. ಗಿಟಾರಿನ ಕೆಲಸವೊಂದು ಮಾತ್ರ ದಿನಕ್ಕಿಷ್ಟು ಎಂದು ನಡೆಯುತ್ತಿತ್ತು.

ವರದಿ ತರಲು ಚನ್ನಬಸಪ್ಪನವರು ಒಬ್ಬರೇ ಹೋದ ದಿನ ಗಿಟಾರಿನ ಬೆನ್ನಿನ ಹಲಗೆ ಅಂಟಿಸುವ ಕೆಲಸ. ಸುತ್ತ ಅಂಟು ಬಳಿದು ಹಲಗೆ ಮುಚ್ಚಿದ್ದಾಗಿತ್ತು. ಸೈಕಲ್ ಟ್ಯೂಬಿನ ಪಟ್ಟಿ ಬಿಗಿಯಾಗಿ ಸುತ್ತಿದರೂ ಸೊಂಟದ ಹತ್ತಿರ ಹಲಗೆ ಎದ್ದೇಳುತ್ತಿತ್ತು. ಮಂಗಳಕ್ಕ ಎರಡೂ ಅಂಗೈಯಿಂದ ಅಲ್ಲಿ ಅದುಮಿ ಹಿಡಿದಿದ್ದಾಗ ಫೋನು ಬಂತು.

"ನೀನೇ ಎತ್ತವ್ವ," ಎಂದರು. "ನಾನು ಕೈ ಬುಡಂಗಿಲ್ಲ."

ಆ ಕಡೆ ಚನ್ನಬಸಪ್ಪನವರು ಬಸ್ಸು ಹತ್ತಿದ್ದೇನೆ ಎಂದರು. ವರದಿ ಏನಾಯಿತು ಎಂದು ನಾನು ಕೇಳಿದೆ. ಕ್ಯಾನ್ಸರ್ ಅಲ್ಲವಂತೆ. ಬರೀ ಕೊಬ್ಬಿನ ಗಂಟಂತೆ. ಡಾಕ್ಟರು ನಗುತ್ತಾ ಹೇಳಿದರಂತೆ.

ಮಂಗಳಕ್ಕನಿಗೆ ಹೇಳಿದೆ. ಅವರು ತಲೆ ಎತ್ತಲಿಲ್ಲ. ಇನ್ನೊಂದು ಸಲ ಕೇಳು, ಕಾಗದ ನೋಡಿ ಓದೋಕೆ ಹೇಳು ಎಂದರು. ಚನ್ನಬಸಪ್ಪನವರು ಬಸ್ಸಿನ ಗದ್ದಲದಲ್ಲಿ ಇಂಗ್ಲಿಷು ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಓದಿದರು. ಸ್ಪೀಕರಿನಲ್ಲಿ ಇಬ್ಬರೂ ಕೇಳಿಸಿಕೊಂಡೆವು. ಓದಿದ್ದು ಮಂಗಳಕ್ಕನಿಗೆ ಎಷ್ಟು ತಿಳಿಯಿತೋ, ಗಂಡನ ದನಿ ಮಾತ್ರ ತಿಳಿಯಿತು. ಅವರ ಹೆಗಲು ಮೊದಲು ಇಳಿಯಿತು, ಆಮೇಲೆ ಕಣ್ಣೀರು. ಕೈ ಮಾತ್ರ ಹಲಗೆ ಬಿಡಲಿಲ್ಲ.

"ನನ್ನ ಸೆರಗು ತಕ್ಕೊಂಡು ಒಸಿ ಮೊಕ ಒರ್ಸವ್ವ," ಎಂದರು. "ನೀರು ಬಿದ್ರೆ ಅಂಟು ಸಡ್ಲಾಯ್ತದೆ."

ನಾನು ಒರೆಸಿದೆ. ಒರೆಸುತ್ತ ಒರೆಸುತ್ತ ನಗು ಬಂತು, ಅವರಿಗೂ ಬಂತು. ಅಂಟು ಹಿಡಿಯುವವರೆಗೂ ಹಾಗೇ ನಗುತ್ತ, ಅಳುತ್ತ ಕೂತಿದ್ದೆವು.

ತಂತಿ ಕಟ್ಟಿದ್ದು ಅದಾದ ಮೇಲಿನ ಒಂದು ಭಾನುವಾರ. ತಂತಿ ಬಿಗಿದಂತೆ ಹಲಗೆ ಕಿರ್ರೆಂದಿತು. ಚನ್ನಬಸಪ್ಪನವರು ಬಾಗಿಲ ಹಿಂದಕ್ಕೆ ಸರಿದು ನಿಂತರು. ಏನೂ ಕಿತ್ತುಕೊಂಡು ಬರಲಿಲ್ಲ. ಮೀಟಿದಾಗ ದನಿ ಸ್ವಲ್ಪ ಮಂಕು, ನೆಗಡಿಯಾದವರ ಮಾತಿನಂತೆ. ಆದರೆ ದನಿಯೇ. ಮಂಗಳಕ್ಕ ಕಿವಿಯನ್ನು ಹಲಗೆಗೆ ಒತ್ತಿ ಅದು ಅಡಗುವವರೆಗೂ ಕೇಳಿದರು. ಹೆಂಗೈತೆ ಎಂದು ಗಂಡನನ್ನು ಕೇಳಿದರು. ಚನ್ನಬಸಪ್ಪನವರು ಆವತ್ತು "ಹ್ಞೂಂ ಕಣೆ" ಎನ್ನಲಿಲ್ಲ. ಇನ್ನೊಂದ್ಸಲ ಬಾರಿಸು ಎಂದರು.

ನನಗೆ ಮಾಗಡಿಗೆ ವರ್ಗವಾಯಿತು. ಹೊರಡುವ ಬೆಳಿಗ್ಗೆ ಸಾಮಾನಿನ ಆಟೋ ನಿಲ್ಲಿಸಿ ಹೇಳಿಹೋಗಲು ಒಳಗೆ ಹೋದೆ. ಮಂಗಳಕ್ಕ ಸ್ಟೂಲಿನ ಮೇಲೆ ನಿಂತು, ಹೊಸದಾಗಿ ಸೀಳಿಸಿ ತಂದ ಹಲಸಿನ ಹಲಗೆಗಳನ್ನು ಅಟ್ಟದ ಮೇಲೆ ಒಂದರ ಮೇಲೊಂದು ಪೇರಿಸುತ್ತಿದ್ದರು. ನಡುನಡುವೆ ಗಾಳಿಯಾಡಲೆಂದು ಕಡ್ಡಿಗಳನ್ನು ಇಡುತ್ತಿದ್ದರು. ಹೊರಟೆ ಅಕ್ಕ ಎಂದೆ. ಬಾಯಲ್ಲಿ ಪಿನ್ನಿತ್ತು, ತೆಗೆದು ಸೆರಗಿಗೆ ಚುಚ್ಚಿಕೊಂಡರು. ಆದರೆ ಕೆಳಗಿಳಿಯಲಿಲ್ಲ. ನನಗೆ ಒಸಿ ಬೇಜಾರೇ ಆಯಿತು.

ಇನ್ನೊಂದು ಗಿಟಾರು ಯಾವಾಗ ಶುರು ಮಾಡ್ತೀರಿ ಎಂದು ಕೇಳಿದೆ.

"ಈಗೆಲ್ಲಾಯ್ತದೆ ಕಣವ್ವ," ಎಂದರು, ಹಲಗೆಯಿಂದ ಕಣ್ಣು ತೆಗೆಯದೆ. "ಇನ್ನೂ ಹಸಿ ಐತೆ. ಇನ್ನೆರಡು ಬೇಸಿಗೆ ಒಣಗ್ಬೇಕು."