ಎಲೆಚೀಲ ಬಿಚ್ಚಿದ ತಪ್ಪು

ಮೆಲ್ಬರ್ನಿನ ಡಾಕ್‌ಲ್ಯಾಂಡ್ಸ್‌ನಲ್ಲಿ ಟ್ರಾಮ್ ಇಳಿದ ಕೂಡಲೇ ಪೊಲೀಸನೊಬ್ಬ ನನ್ನನ್ನೂ ಮಗಳ ಮಗಳನ್ನೂ ತಡೆದ. ನಮ್ಮ ಜೊತೆ ಇಳಿದ ಬಿಳಿಯರು ಆರಾಮಾಗಿ ಹೋದರು. ಅವರ ಚೀಲಗಳು ನಮ್ಮವಕ್ಕಿಂತ ದೊಡ್ಡವಿದ್ದವು. ಆ ಜಾಗದಲ್ಲಿ ಕಾರಣ ಹೇಳದೆ ಯಾರನ್ನಾದರೂ ತಪಾಸಣೆ ಮಾಡಬಹುದು ಅಂತ ರಾಜ್ಯದ ಕಾಯ್ದೆ ಇದೆಯಂತೆ. ವೀಸಾ ಕೂಡ ಕೇಳಿದ. ಇದೇ ಮೆಲ್ಬರ್ನಿನ ಕ್ರೇಗಿಬರ್ನ್‌ನಲ್ಲಿ ಹುಟ್ಟಿ ಬೆಳೆದ ಹುಡುಗಿ ಯಾವ ವೀಸಾ ತೋರಿಸಬೇಕು?

ಆಮೇಲೆ ನನ್ನ ಎಲೆಚೀಲದ ಕಡೆ ಬೆರಳು ತೋರಿಸಿ, ಬಿಚ್ಚು ಎಂದ. ಬಿಚ್ಚಿದೆ. ಒಳಗಿದ್ದದ್ದು ಎಲೆ, ಅಡಿಕೆ, ಸುಣ್ಣದ ಡಬ್ಬಿ. ನಮ್ಮ ಹುಬ್ಬಳ್ಳಿ ಕಡೆ ಎದುರಿಗೆ ಮನುಷ್ಯ ನಿಂತಿರುವಾಗ ಎಲೆಚೀಲ ಬಿಚ್ಚಿ, ಅವನಿಗೆ ಕೊಡದೆ ಮುಚ್ಚುವುದು ನಾಚಿಕೆಗೇಡು. ವೈರಿಯಾದರೂ ಅಷ್ಟೇ. ಎಲೆಗೆ ಸುಣ್ಣ ಹಚ್ಚಿ, ಮಡಚಿ, ನಗುತ್ತ ಚಾಚಿದೆ.

“ತಗೋ ತಮ್ಮಾ, ನಾಚಬ್ಯಾಡ.”

ಹಾವು ಕಂಡವನಂತೆ ಹಿಂದೆ ಸರಿದ.

ಬಣ್ಣ ನೋಡಿ ತಡೆದದ್ದು ತಪ್ಪು, ಆ ಕಾಯ್ದೆಯೇ ತಪ್ಪು ಎಂದು ಮೊಮ್ಮಗಳು ಕೇಸು ಹಾಕಿದಳು. ನಾನು ಸಾಕ್ಷಿ. ಸಿಡ್ನಿಯಿಂದ ಮಗ ಫೋನ್ ಮಾಡಿದ.

“ಅವ್ವಾ, ನಿನಗ ಇಲ್ಲಿ ಕಾಯಂ ಇರೋ ಪಿಆರ್ ಇನ್ನೂ ಬಂದಿಲ್ಲ. ಸುಮ್ನ ಕೂಡು.”

“ನಾ ಸುಮ್ನ ಕೂತದ್ದು ನೀ ಯಾವಾಗ ನೋಡೀಯೋ?”

ಆದರೆ ಪೊಲೀಸನ ಎದೆಯ ಕ್ಯಾಮೆರಾದಲ್ಲಿ ಎಲ್ಲ ಇತ್ತು. ಮುದುಕಿ ಖುಷಿಯಿಂದಲೇ ಚೀಲ ಬಿಚ್ಚಿ ಕೊಡುತ್ತಿದ್ದಾಳೆ, ಬಲವಂತ ಎಲ್ಲಿದೆ ಎಂದು ಪೊಲೀಸರ ಕಡೆಯ ಲಾಯರ್ ಅದನ್ನೇ ಹಿಡಿದುಕೊಂಡ. ಮೊಮ್ಮಗಳು ತಲೆ ಮೇಲೆ ಕೈ ಹೊತ್ತಳು. ನನ್ನ ಒಂದು ಎಲೆಯಿಂದ ಅವಳ ಕೇಸು ಬೀಳುವುದರಲ್ಲಿತ್ತು.

ಕೋರ್ಟಿನಲ್ಲಿ ಅನುವಾದಕ್ಕೆ ಬೆಂಗಳೂರಿನ ಹುಡುಗ ಇದ್ದ.

“ಅಮ್ಮಾ, ನೀವೇ ಇಷ್ಟಪಟ್ಟು ಬ್ಯಾಗ್ ಓಪನ್ ಮಾಡಿದ್ರಾ ಅಂತ ಕೇಳ್ತಿದ್ದಾರೆ.”

“ಸೊಂಟದಾಗ ಪಿಸ್ತೂಲ್ ಇಟ್ಕೊಂಡು ಬಿಚ್ಚು ಅಂದ, ಬಿಚ್ಚಿದೆ. ಎಲಿ ಕೊಟ್ಟದ್ದು ನನ್ನ ಮರ್ಯಾದಿ. ಬಾಗಿಲಾ ಒದ್ದು ಒಳಗ ಬಂದವಗೂ ನಾವು ನೀರು ಕೊಡ್ತೀವಿ. ಹಂಗಂತ ಅವನ್ನ ಕರದೀವಿ ಅಂತೇನ?”

ಹುಡುಗ ತಡವರಿಸಿದ. “ಒದ್ದು ಅಂತಾನೇ ಹೇಳ್ಲಾ ಅಮ್ಮಾ?”

“ಹೂಂ. ಮೆತ್ತಗ ಮಾಡಬ್ಯಾಡ.”

ಜಡ್ಜಮ್ಮ ಬರೆದುಕೊಂಡಳು. ನಾನು ಒಪ್ಪಿ ಬಿಚ್ಚಲಿಲ್ಲ, ನಮ್ಮನ್ನು ತಡೆದದ್ದು ತಪ್ಪು ಎಂದು ತೀರ್ಪು ಬಂತು. ಕಾಯ್ದೆ ಮಾತ್ರ ಹಾಗೇ ಉಳಿಯಿತು. ಮೊಮ್ಮಗಳು ಮೋರೆ ಊದಿಸಿಕೊಂಡು ಕೂತಳು.

“ಅರ್ಧಾ ಗೆದ್ದೀ, ಅಳ್ತೀ ಯಾಕ? ಮ್ಯಾಲಿನ ಕೋರ್ಟ್ ಐತಿಲ್ಲೋ?”

“ಅಲ್ಲಿ ಓನ್ಲಿ ಲಾಯರ್ಸ್ ಟಾಕ್, ಅಜ್ಜಿ.”

ಮಾತಾಡಲು ಬಿಡದಿದ್ದರೆ ಬೇಡ. ಅಲ್ಲಿ ಮೊದಲ ಸಾಲಿನಲ್ಲೇ ಕೂತು ಎಲ್ಲರ ಮೋರೆ ನೋಡುತ್ತೇನೆ.