ಕಾಕು ನಿಲ್ಲುವ ಜಾಗ

ಬಹಳ ದಿನ ಮುಟ್ಟದ ರೇಡಿಯೊದ ಸ್ವಿಚ್ ಹಾಕಿದರೆ ಒಳಗಿನ ಧೂಳು ಬಿಸಿಯಾಗಿ ಒಂದು ವಾಸನೆ ಬರುತ್ತದೆ, ನೀವೂ ಬಲ್ಲಿರಿ. ಮೊನ್ನೆ ಭಾನುವಾರ ದೇಹೂ ರೋಡಿನ ಕಾಕಾನ ಮನೆಯಲ್ಲಿ ಆ ವಾಸನೆ ಮೂಗಿಗೆ ಬಿದ್ದದ್ದೇ, ರೇಡಿಯೊ ಮಾತಾಡುವ ಮೊದಲೇ ನನಗೆ ಕಾಕಾನ ಗದರಿಕೆ ಕೇಳಿಸಿತು: “ಅಲ್ಲೇ ನಿಂದ್ರು.”

ಗದರಿಕೆ ನನಗಲ್ಲ, ಆತನ ಹೆಂಡತಿ ಕಾಕುಗೆ. ಅದು ಅರ್ಥವಾಗಬೇಕಾದರೆ ಆ ರೇಡಿಯೊದ ಸ್ವಭಾವ ತಿಳಿಯಬೇಕು. ಧಾರವಾಡದಿಂದ ನೌಕರಿಗೆಂದು ಬಂದು ಇಲ್ಲಿಯೇ ನಿಂತ ಕಾಕಾ, ಹಾಪೂಸ್ ಮಾವಿನ ಪೆಟ್ಟಿಗೆಯ ಹಲಗೆಯ ಮೇಲೆ ತಾನೇ ಕಟ್ಟಿದ ಶಾರ್ಟ್‌ವೇವ್ ರೇಡಿಯೊ ಅದು. ಇರುವುದು ಎರಡೇ ಗುಂಡಿ. ದೊಡ್ಡದು ಸ್ಟೇಶನ್ ಹುಡುಕಲು, ಚಿಕ್ಕದು ಸಿಕ್ಕ ದನಿಯನ್ನು ಬೆಳೆಸಲು. ಚಿಕ್ಕದನ್ನು ತಿರುಗಿಸುತ್ತ ಹೋದರೆ ದನಿ ಉಬ್ಬುತ್ತ ಬಂದು ಒಮ್ಮೆಲೇ ಸಿಳ್ಳು ಹಾಕುತ್ತದೆ. ಆ ಸಿಳ್ಳಿಗಿಂತ ಕೂದಲೆಳೆಯಷ್ಟು ಮುಂಚೆ ನಿಲ್ಲಿಸಬೇಕು. ಹಾಲು ಉಕ್ಕುವ ಮುಂಚೆ ಒಲೆ ತಗ್ಗಿಸಿದ ಹಾಗೆ ಎಂದು ಕಾಕಾ ಹೇಳುತ್ತಿದ್ದ. ಆತ ಒಲೆಯ ಮುಂದೆ ನಿಂತದ್ದನ್ನು ಮಾತ್ರ ನಾವು ಯಾರೂ ಕಂಡಿರಲಿಲ್ಲ.

ಇಷ್ಟಕ್ಕೇ ಮುಗಿಯುತ್ತಿರಲಿಲ್ಲ. ಗುಂಡಿಗಳ ಹಿಂದೆ ತಗಡಿನ ಮರೆ ಇಲ್ಲದ್ದರಿಂದ ಮುಟ್ಟದೆ ಬರೀ ಹತ್ತಿರ ಬಂದವರ ಮೈಯಿಂದಲೂ ಅದರ ದನಿ ಬದಲಾಗುತ್ತಿತ್ತು. ಕೈ ತೆಗೆದರೆ ಸ್ಟೇಶನ್ ಜಾರುತ್ತಿತ್ತು. ದನಿ ಹಿಡಿಯುವ ಏರಿಯಲ್ ತಂತಿ ಅಡುಗೆಮನೆಯ ಬಾಗಿಲ ಚೌಕಟ್ಟಿನ ಮೇಲೆ ಹಾಯ್ದಿದ್ದರಿಂದ, ಅಲ್ಲಿ ಒಬ್ಬರು ಬಂದು ನಿಂತರೆ ಜಾರಿದ್ದು ಮತ್ತೆ ಸರಿಯಾಗುವುದೂ ಇತ್ತು. ಅಲ್ಲಿ ಬರುವವಳು ಕಾಕು ಒಬ್ಬಳೇ. ಚಹಾ ಹಿಡಿದು ಹೊಸ್ತಿಲಿಗೆ ಬಂದವಳನ್ನು ಕಾಕಾ ಕೈಯೆತ್ತಿ ತಡೆಯುತ್ತಿದ್ದ. ವಾರ್ತೆ ಮುಗಿಯುವ ತನಕ ಆಕೆ ಅಲ್ಲೇ.

“ಒಂದು ತಗಡು ಹಚ್ಚಾಕ ಏನ್ ಧಾಡಿ ನಿಮಗ?” ಎಂದು ಆಕೆ ಸಿಡುಕುತ್ತಿದ್ದಳು.

“ಹಚ್ಚಿದ್ರ ನೀ ಒಳಗ ಹೋಗ್ತಿ,” ಎನ್ನುತ್ತಿದ್ದ ಕಾಕಾ, ರೇಡಿಯೊದಿಂದ ಕಣ್ಣು ತೆಗೆಯದೆ. ಸೋಮಾರಿಯ ನೆವ ಅದು ಎಂದು ನಾನು ಬಹಳ ವರ್ಷ ನಂಬಿದ್ದೆ.

ಕಾಕಾ ಹೋಗಿ ವರ್ಷವಾಗುತ್ತ ಬಂತು. ಈಗ ಮನೆಗೆ ಬಣ್ಣ ಹಚ್ಚಿಸಬೇಕೆಂದು ಕಾಕು ಕಪಾಟು ಖಾಲಿ ಮಾಡುತ್ತಿದ್ದಾಳೆ. ನನ್ನನ್ನು ಕರೆಸಿ ಹೇಳಿದಳು: “ಈ ರೇಡಿಯೊ ಮಾತಾಡಿದ್ರ ಇಟ್ಕೋತೀನಿ. ಇಲ್ಲಾಂದ್ರ ಇವತ್ತ ರದ್ದಿಯವಗ ಕೊಡ್ತೀನಿ. ಸುಮ್ಮನ ಕುಂತದ್ದನ್ನ ನೋಡಾಕ ಆಗೂದಿಲ್ಲ ನನಗ.”

ವಿಮಾನ ನಗರದ ಆಫೀಸಿನಲ್ಲಿ ನಾನು ಯಂತ್ರಗಳ ಬಗ್ಗೆ ನಾಲ್ಕು ಜನಕ್ಕೆ ಬುದ್ಧಿ ಹೇಳುವ ಮನುಷ್ಯ. ಮನೆಯಲ್ಲಿ ಟಿ.ವಿ. ರಿಮೋಟನ್ನು ಮಕ್ಕಳು ನನ್ನ ಕೈಗೆ ಕೊಡುವುದಿಲ್ಲ, ಆ ಮಾತು ಬೇರೆ. ಗುಂಡಿ ತಿರುಗಿಸಿದೆ. ಬರೀ ಗೊರಗೊರ, ಆಮೇಲೆ ಸಿಳ್ಳು. ತುಸು ಹಿಂದಕ್ಕೆ ತಂದೆ. ಯಾವುದೋ ದೇಶದ ಗಂಡಸಿನ ದನಿ ಬಂತು. ಕೈ ತೆಗೆದೆ, ಹೋಯಿತು. ಮತ್ತೆ ಹಿಡಿದೆ, ಮತ್ತೆ ಹೋಯಿತು. ಈ ಹಲಗೆ ರದ್ದಿಗೆ ಹೋದರೆ ಕಾಕಾನನ್ನು ಇನ್ನೊಮ್ಮೆ ಕಳಿಸಿಕೊಟ್ಟ ಹಾಗೆ ಎನಿಸಿ ಮತ್ತೆ ಗುಂಡಿಗೆ ಕೈ ಹಾಕಿದೆ.

ಆಗ ಕಾಕು ಚಹಾ ತಂದಳು. ಹೊಸ್ತಿಲಿಗೆ ಬಂದದ್ದೇ ದನಿ ತಿಳಿಯಾಯಿತು. ಮೆಲ್ಲಗೆ ಕೈ ತೆಗೆದೆ. ಹೋಗಲಿಲ್ಲ. ನಾನು ಹೇಳುವ ಮೊದಲೇ ಕಾಕು ನಿಂತುಬಿಟ್ಟಿದ್ದಳು.

“ಏನಂತಾನ ಅವ?” ಎಂದಳು.

“ತಿಳೀವಲ್ದು ಕಾಕು. ಯಾವ ಭಾಷಾನೋ ಏನೋ.”

“ನಿಮ್ಮ ಕಾಕಾಗೂ ತಿಳೀತಿರಲಿಲ್ಲ.”

ಕೆಳಗಿನಿಂದ ರದ್ದಿಯವನು ಮೇಲೆ ಬರಲೇ ಎಂದು ಕೂಗಿದ: “ಕಾಕೂ, ವರ್ ಯೇಊ ಕಾ?”

“ಆಜ್ ಕಾಹೀ ನಾಹೀ ರೇ,” ಎಂದು ಕಾಕು ನಿಂತಲ್ಲಿಂದಲೇ ಕೂಗಿದಳು, ಇವತ್ತು ಏನೂ ಇಲ್ಲವೆಂದು. ಚಹಾ ಇಸಿದುಕೊಳ್ಳಲು ನಾನು ಏಳಹೋದೆ. “ಏಳಬ್ಯಾಡ. ಎದ್ರ ಹೋಗ್ತದ,” ಎಂದಳು.

ಕಾಕುವಿನ ಕೈಯಲ್ಲೇ ಚಹಾ ಆರುತ್ತಿತ್ತು. ಆಕೆಯ ಮೊಣಕಾಲು ನೋವು ನೆನಪಾಗಿ ನಾನೆಂದೆ, “ಮುಂದಿನ ವಾರ ಒಂದು ತಗಡು ತಂದು ಹಚ್ಚತೀನಿ ಕಾಕು. ಹಿಂಗ ನಿಂದ್ರೂದು ತಪ್ಪತದ.”

ಕಾಕು ರೇಡಿಯೊದಿಂದ ಕಣ್ಣು ತೆಗೆಯಲಿಲ್ಲ.

“ತಗಡು ತರಬ್ಯಾಡ,” ಎಂದಳು.