ಸ್ವರ ಬರುದಿಲ್ಲ

ನಂಬಲಿಕ್ಕೆ ಆಗುತ್ತಿಲ್ಲ...
ಯಾರಾದರೂ ಬಂದು ಸುಳ್ಳು ಅಂತ ಹೇಳಿಬಿಡಿ.

ನಮ್ಮ ಜಯಕರ ಹೋದ.
ಡೊಂಬಿವಲಿಯ ಜಯಕರ... ಉಲ್ಹಾಸನಗರದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದವನು. ನಮ್ಮ ಭಜನಾ ಮಂಡಳಿಯವರಿಗೆಲ್ಲ ‘ಲಿನಕ್ಸ್ ಜಯಕರ’.
ಇವತ್ತು ಸಂಜೆ ನಾಲ್ಕು ಗಂಟೆಗೆ.
ನಲವತ್ತೆರಡು ಸಾಯುವ ಪ್ರಾಯವಾ?

ಆಸ್ಪತ್ರೆಯ ಮೆಟ್ಟಿಲಲ್ಲಿ ಕೂತು ಟೈಪ್ ಮಾಡುತ್ತಿದ್ದೇನೆ.
ತಪ್ಪಿದ್ದರೆ ಕ್ಷಮಿಸಿ.

ಹತ್ತು ವರ್ಷದ ಹಿಂದೆ ಮಂಡಳಿಯ ಹಾರ್ಮೋನಿಯಂ ಮಾಸ್ಟ್ರು ಊರಿಗೆ ಹೊರಟುಹೋದರು.
ಇನ್ನು ಶನಿವಾರದ ಭಜನೆಗೆ ಯಾರು ನುಡಿಸುವುದು?
ಜಯಕರ ಹಳೇ ಕಂಪ್ಯೂಟರ್ ಒಂದನ್ನು ರಿಕ್ಷಾದಲ್ಲಿ ಹಾಕಿಕೊಂಡು ಬಂದ. ಲಿನಕ್ಸ್ ಹಾಕಿದ. ಒಂದೊಂದೇ ಭಜನೆಯನ್ನು ಮಿಡಿ ಫೈಲ್ ಮಾಡಿದ.
ಅವನು ಇಲ್ಲದ ದಿನ ಅದನ್ನು ನಡೆಸುವ ಕೆಲಸ ನನಗೆ ಬಿತ್ತು. ಥಾಣೆಯ ಆಫೀಸಲ್ಲಿ ಫೈಲ್ ಹೊರುವ ನನಗೆ!

ಪ್ಲೇ ಒತ್ತಿದೆ. ಗೆರೆ ಓಡುತ್ತದೆ, ಹಾಡು ಮುಗಿಯುತ್ತದೆ...
ಸದ್ದೇ ಇಲ್ಲ. ಒಂದು ಎರರ್ ಕೂಡ ಇಲ್ಲ.
ಫೋನ್ ಮಾಡಿದೆ. "ಸ್ವರ ಬರುದಿಲ್ಲ ಮಾರಾಯ!"
ನಮ್ಮ ಕಡೆ ಹಾಗೇ ಅಲ್ಲವಾ... ಗಂಟಲಿಂದ ಬರುವುದೂ ಸ್ವರ, ಪೆಟ್ಟಿಗೆಯಿಂದ ಬರುವುದೂ ಸ್ವರ.

ಆಚೆ ಕಡೆ ಒಂದೇ ನಗು.
"ಕನೆಕ್ಟ್ ಮಾಡಿದ್ಯಾ?"
"ಎಂತ ಕನೆಕ್ಟ್?"
"ಅಯ್ಯೋ ನಿನ್ನ! ಮಿಡಿ ಫೈಲ್ ಅಂದ್ರೆ ಹಾಡಲ್ಲ ಮಾರಾಯ, ಆರ್ಡರ್ ಚೀಟಿ. ಎರಡು ಇಡ್ಲಿ ಒಂದು ವಡೆ ಅಂತ ಬರ್ದದ್ದು ಅಷ್ಟೇ. ಸಾಫ್ಟ್‌ವೇರ್ ಸಿಂಥ್ ಅಂದ್ರೆ ಅಡಿಗೆ ಭಟ್ರು. ಸೌಂಡ್‌ಫಾಂಟ್ ಅಂದ್ರೆ ಅಕ್ಕಿ, ಉದ್ದು. ಎಲ್ಲ ಉಂಟು. ನೀನು ಚೀಟಿಯನ್ನು ಒಳಗೆ ಕೊಡ್ಲೇ ಇಲ್ಲ. ತಿಂಡಿ ಎಲ್ಲಿಂದ ಬರ್ತದೆ?"
ಶಾಲೆಗೆ ಹೋಗುವಾಗಲೇ ಕಲ್ಯಾಣದ ಹೋಟೆಲಲ್ಲಿ ಸಪ್ಲೈ ಮಾಡಿದವನು. ಅವನಿಗೆ ಲೋಕವೆಲ್ಲ ಹೋಟೆಲೇ.

ಆಮೇಲೂ ನಾನು ಪ್ರತಿ ಸಲ ಮರೆತೆ.
ಮೊದಲು ಸಿಂಥ್ ಎಬ್ಬಿಸಬೇಕು, ಆಮೇಲೆ ಕನೆಕ್ಟ್, ಆಮೇಲೆ ಪ್ಲೇ.
ಹತ್ತು ವರ್ಷ ಅದೇ ಪ್ರಶ್ನೆ, ಅದೇ ಉತ್ತರ. ಕೊನೆಕೊನೆಗೆ ಅದು ನಮ್ಮಿಬ್ಬರ ‘ಹಲೋ’ ಆಗಿತ್ತು. ಸುಮ್ಮನೆ ತಮಾಷೆಗೂ ಕಳಿಸುತ್ತಿದ್ದೆವು.

ಜಯಕರ...
ಇನ್ನು ನಿನ್ನ ಹತ್ತಿರವೇ ಹೇಳುತ್ತೇನೆ. ಎಲ್ಲರೂ ಕೇಳಲಿ.

ಬೆಳಿಗ್ಗೆ ಒಂಬತ್ತು ಐವತ್ತೆರಡಕ್ಕೆ ನಿನ್ನ ಮೆಸೇಜ್ ಬಂತು.
"ಸ್ವರ ಬರುದಿಲ್ಲ"
ನಾನು ಸಾನಪಾಡಾದಲ್ಲಿ ಥಾಣೆ ಲೋಕಲ್ ಹತ್ತುತ್ತಿದ್ದೆ. ಒಂದು ಕೈಯಲ್ಲಿ ಕಂಬಿ, ಒಂದು ಕೈಯಲ್ಲಿ ಫೋನ್.
ನಕ್ಕೆ ಮಾರಾಯ... ನಾನು ನಕ್ಕೆ.
"ಕನೆಕ್ಟ್ ಮಾಡಿದ್ಯಾ?" ಅಂತ ಒತ್ತಿ, ನಗುವ ಮುಖ ಮೂರು ಹಾಕಿ, ಫೋನ್ ಕಿಸೆಗೆ ತುರುಕಿದೆ.

ನೀನು ‘ಮಾರಾಯ’ ಅಂತ ಬರೆದಿರಲಿಲ್ಲ.
ಹತ್ತು ವರ್ಷದಲ್ಲಿ ಒಂದು ಸಲವೂ ನೀನು ಅದನ್ನು ಬಿಟ್ಟದ್ದಿಲ್ಲ. ನನಗೆ ಅದು ಕಾಣಲಿಲ್ಲ.

ಕಂಪ್ಯೂಟರಿಂದ ಅಲ್ಲ... ನಿನ್ನ ಗಂಟಲಿಂದ ಸ್ವರ ಬರುತ್ತಿರಲಿಲ್ಲ.
ಕೂಗಲಿಕ್ಕೆ ಆಗದೆ, ಫೋನ್ ಮಾಡಿದರೂ ಮಾತಾಡಲಿಕ್ಕೆ ಆಗದೆ, ಆಡುತ್ತಿದ್ದ ಒಂದೇ ಕೈಯಲ್ಲಿ ಅಷ್ಟು ಬರೆದೆ. ನನಗೆ ಬರೆದೆ.
ಚೀಟಿ ನನ್ನ ಕೈಗೆ ಬಂತು. ನಾನು ಒಳಗೆ ಕೊಡಲಿಲ್ಲ.

ಪ್ರೇಮಕ್ಕ ಊಟದ ಹೊತ್ತಿಗೆ ಆಫೀಸಿಂದ ಫೋನ್ ಮಾಡಿದ್ದಾರೆ. ಗಂಡ ಎತ್ತಲಿಲ್ಲ ಅಂತ ಪಕ್ಕದ ಮನೆಯ ಮರಾಠಿ ಮಾವ್ಶಿಗೆ ಹೇಳಿ ಬಾಗಿಲು ತೆಗೆಸಿದ್ದಾರೆ.
ನಾನು ಇಲ್ಲಿ ಬಂದಾಗ ಡಾಕ್ಟರು ಎಲ್ಲರನ್ನೂ ಕೇಳುತ್ತಿದ್ದರು, "ಬೋಲ್ನಾ ಕಬ್ ಬಂದ್ ಹುವಾ? ಟೈಮ್ ಬತಾವೋ, ಟೈಮ್!"
ಮಾತು ಯಾವಾಗ ನಿಂತಿತು ಅಂತ. ಸ್ಟ್ರೋಕ್ ಆಗಿ ಎಷ್ಟು ಗಂಟೆ ಆಯಿತು ಅಂತ ಗೊತ್ತಿದ್ದರೆ ಮಾತ್ರ ಆ ಇಂಜೆಕ್ಷನ್ ಕೊಡುವುದಂತೆ.
ಪ್ರೇಮಕ್ಕ ಅಳುತ್ತಾ ಹೇಳಿದರು, "ಮಾಲೂಮ್ ನಹೀ ಡಾಕ್ಟರ್‌ಸಾಬ್... ಕಿಸೀಕೋ ಮಾಲೂಮ್ ನಹೀ."

ನನಗೆ ಗೊತ್ತಿತ್ತು.
ಒಂಬತ್ತು ಐವತ್ತೆರಡು. ನನ್ನ ಕಿಸೆಯಲ್ಲೇ ಇತ್ತು.
ನಾನು ಬಾಯಿ ಬಿಡಲಿಲ್ಲ. ಹೆದರಿದೆ. ನಿನಗೆ ಬಾರದ ಸ್ವರ ಆಗ ನನಗೂ ಬರಲಿಲ್ಲ.
ಹೇಳಿದ್ದರೆ ಉಳಿಯುತ್ತಿದ್ದೆಯಾ? ಗೊತ್ತಿಲ್ಲ. ಇನ್ನು ಯಾರಿಗೂ ಗೊತ್ತಾಗುವುದಿಲ್ಲ.

ಇಷ್ಟು ಬರೆದು, ಪೋಸ್ಟ್ ಒತ್ತುವ ಮೊದಲು, ಒಳಗೆ ಹೋದೆ. ಫೋನನ್ನು ಪ್ರೇಮಕ್ಕನ ಕೈಯಲ್ಲಿ ಕೊಟ್ಟೆ.
ಬೈಯಲಿ, ಹೊಡೆಯಲಿ, ಎಲ್ಲರ ಎದುರು ಉಗಿಯಲಿ ಅಂತ ಕಾಯುತ್ತಾ ನಿಂತೆ.
ಅವರು ನಿನ್ನ ಎರಡು ಶಬ್ದ ಓದಿದರು. ನನ್ನ ಮೂರು ನಗುವ ಮುಖವನ್ನೂ ನೋಡಿದರು.
ಫೋನ್ ವಾಪಸ್ ಕೊಟ್ಟರು.
"ನಿಮ್ಮ ಹತ್ರ ಆದ್ರೂ ಹೇಳಿದ್ರಲ್ಲ ಅಣ್ಣ... ಅವರು ಯಾರನ್ನೂ ಕರೀಲಿಕ್ಕೆ ಆಗದೆ ಹೋದ್ರು ಅಂತ ನಾನು ಅಂದ್ಕೊಂಡಿದ್ದೆ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ ಜಯಕರ.

ಕೆಳಗೆ ಎಲ್ಲರೂ ಆತ್ಮಕ್ಕೆ ಶಾಂತಿ ಅಂತ ಬರೆಯುತ್ತೀರಿ, ಬರೆಯಿರಿ.
ನನಗೆ ಆ ಶಬ್ದ ಬರೆಯಲಿಕ್ಕೆ ಆಗುತ್ತಿಲ್ಲ. ಅವನು ಇವತ್ತು ಅರ್ಧ ದಿನ ಸದ್ದಿಲ್ಲದೆ ಬಿದ್ದಿದ್ದ... ಅಷ್ಟು ಶಾಂತಿ ಸಾಕು.

ಹೋಗಿ ಬಾ ಮಾರಾಯ.
ಅಲ್ಲಿ ನಿನಗೆ ಸ್ವರ ಬರಲಿ.